ಗೊರಕೆಯ ಮನೆತನ

“ಗುರುಗಳೇ, ಕಳೆದುಹೋದಷ್ಟೇ ಮಂದಿ ಮರಳಿ ತುಂಬಿಕೊಂಡರೆ ನಷ್ಟವೇ ಆಗಲಿಲ್ಲ ಎಂದಂತೆ ಅಲ್ಲವೇ?” ಎಂದು ಹಿರಿಯ ಶಿಷ್ಯ ನಂಜಯ್ಯ ಕೇಳಿದ.

ಕೇಳಲು ಕಾರಣವಿತ್ತು. ಮಾತುಮಾತಿಗೂ ವಾದ ತೆಗೆಯುವ ಶಿಷ್ಯರನ್ನೆಲ್ಲ ಅವನು ಮಠದಿಂದ ಸಾಗಹಾಕಿದ್ದ. ಅಷ್ಟೇ ಮಂದಿ ಹೊಸಬರನ್ನು ತಂದು ಕೂರಿಸಿದ್ದ. ಇವರೋ, ಗುರುಗಳು ಬಾಯಿ ತೆರೆಯುವ ಮೊದಲೇ ತಲೆಯಾಡಿಸುವವರು. ಗುರುಗಳು ಮೆಚ್ಚಿದರೆ ಮುಂದೆ ಪೀಠ ತನಗೇ ಎಂದು ನಂಜಯ್ಯ ಒಳಗೊಳಗೇ ಮಂಡಿಗೆ ತಿನ್ನುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಹಿಮ ಬೀಳುವ ಕಡಲ ದಂಡೆಯಲ್ಲಿ ಒಬ್ಬ ಬೇಟೆಗಾರನಿದ್ದ. ಅಲ್ಲಿ ಕಡಲನಾಯಿಗಳೆಂಬ ಮೀಸೆಯ ಪ್ರಾಣಿಗಳು ಬಂಡೆಗಳ ಮೇಲೆ ಬಿಸಿಲು ಕಾಯುತ್ತ ಬಿದ್ದಿರುತ್ತಿದ್ದವು. ಅವುಗಳ ಕೊಬ್ಬಿಗೂ ತೊಗಲಿಗೂ ಒಳ್ಳೆಯ ಬೆಲೆ. ಮಲಗಿದ್ದನ್ನು ಹೊಡೆದರೆ ಪಾಪ ಎಂಬುದು ಬೇಟೆಗಾರನ ಕುಲದ ನೇಮ. ಆದ್ದರಿಂದ ಅವನು ನೀರಿನ ಕಡೆ ಬಲೆ ಕಟ್ಟಿ, ಮೊದಲು ಒಂದು ಕೂಗು ಹಾಕುತ್ತಿದ್ದ. ತಲೆಯೆತ್ತಿದ್ದನ್ನು ಹೊಡೆಯುತ್ತಿದ್ದ, ಎಚ್ಚರವಾಗದ್ದನ್ನು ಬಿಡುತ್ತಿದ್ದ. ತನ್ನಷ್ಟು ಧರ್ಮವಂತ ಬೇಟೆಗಾರ ಬೇರೆಲ್ಲಿದ್ದಾನೆ ಎಂದು ಬೀಗುತ್ತಿದ್ದ.

ಒಂದು ವರ್ಷ ಅವನು ಎಷ್ಟು ಕೂಗಿದರೂ ಒಂದೂ ತಲೆಯೆತ್ತಲಿಲ್ಲ. ಉಳಿದಿದ್ದುದು ಒಂದೇ ಸಂಸಾರ, ಅದೂ ಗೊರಕೆ ಹೊಡೆಯುತ್ತಿತ್ತು. ಬೇಟೆಗಾರನಿಗೆ ಕರುಳು ಚುರುಕ್ ಎಂದಿತು. ದೊಣ್ಣೆಯನ್ನು ಕಡಲಿಗೆಸೆದು ಅಂದಿನಿಂದ ಅವುಗಳ ಕಾವಲಿಗೆ ನಿಂತ. ಕಾಲ ಕಳೆಯಿತು. ಮರಿಗೆ ಮರಿಯಾಗಿ ದಂಡೆ ಮತ್ತೆ ತುಂಬಿತು. “ನನ್ನ ಪಾಪ ತೊಳೆದುಹೋಯಿತು” ಎಂದು ಮುದುಕನಾದ ಬೇಟೆಗಾರ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ.

ಆದರೆ ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇಡೀ ದಂಡೆ ಗೊರಕೆ ಹೊಡೆಯುತ್ತಿತ್ತು.

ಒಂದು ದಿನ ಬಿಳಿ ಕರಡಿಯೊಂದು ಬಂಡೆಗಳ ಸಂದಿಯಲ್ಲಿ ಹೊಂಚುತ್ತ ಬಂತು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಯಾವುದಾದರೂ ಒಂದು ತೆಳುನಿದ್ದೆಯ ಪ್ರಾಣಿ ಬೊಗಳುತ್ತಿತ್ತು, ಮಂದೆಯೆಲ್ಲ ನೀರಿಗೆ ಧುಮುಕುತ್ತಿತ್ತು. ಮುದುಕ ಕಿವಿಗೊಟ್ಟು ಕಾದ. ಗೊರಕೆಯಲ್ಲದೆ ಬೇರೇನೂ ಕೇಳಲಿಲ್ಲ. ತಾನು ಬೆಳೆಸಿದ ಮಂದೆ ಕಣ್ಣೆದುರೇ ಹೋಗುತ್ತದಲ್ಲ ಎಂದು ಅವನ ಎದೆ ಒಡೆಯಿತು. ಬೇರೆ ದಾರಿ ಕಾಣದೆ, ನಾಲ್ಕು ಕಾಲಲ್ಲಿ ನಿಂತು ತಾನೇ ಬೊಗಳಿದ.

ಒಂದೂ ಕಣ್ಣು ಬಿಡಲಿಲ್ಲ. ದೂರದಲ್ಲಿ ಬಲೆ ಒಣಗಿಸುತ್ತಿದ್ದ ಬೆಸ್ತನ ಹೆಂಡತಿ ಮಾತ್ರ ಗಂಡನನ್ನು ಕರೆದಳು. “ಬನ್ರೀ ಇಲ್ಲಿ! ಪಾಪ, ಮುದುಕಪ್ಪನಿಗೆ ಹುಚ್ಚುನಾಯಿ ಕಚ್ಚಿದೆ!”

ಕರಡಿಗೂ ಹಾಗೆಯೇ ಅನ್ನಿಸಿರಬೇಕು. ಒಂದು ಗಳಿಗೆ ಮುದುಕನನ್ನು ನೋಡಿ ಬಂದ ದಾರಿ ಹಿಡಿಯಿತು. ಆದರೆ ಮಾರನೆಯ ದಿನ ಮತ್ತೆ ಬಂತು. ಅಂದಿನಿಂದ ಪ್ರಾಣವಿರುವವರೆಗೂ ಮುದುಕ ಆ ದಂಡೆಯಲ್ಲಿ ಬೊಗಳುತ್ತಲೇ ಇದ್ದ. ಅವನು ಸತ್ತ ಮೇಲೆ ದಂಡೆ ಬರಿದಾಯಿತು.

ಕತೆ ಮುಗಿಯಿತು. ಹೊಸ ಶಿಷ್ಯರೆಲ್ಲ ಒಟ್ಟಿಗೆ ತಲೆಯಾಡಿಸಿದರು. ನಂಜಯ್ಯ ಅವರನ್ನೊಮ್ಮೆ, ಗುರುಗಳನ್ನೊಮ್ಮೆ ನೋಡಿದ.

ಗುರುಗಳೆಂದರು: “ನಾಳೆ ನಾನು ದಾರಿ ತಪ್ಪಿದರೆ, ಇವರಲ್ಲಿ ಬೊಗಳುವವರು ಯಾರಪ್ಪ?”