ಚಿಪ್ಪುಹಂದಿಗಳಿಗೆ ಅಡ್ಡ ಕಟ್ಟಿದ ಗೋಡೆ

ಮಕ್ಕಳೇ, ಕಾಡಿನೊಳಗೆ ಒಂದು ಬಂಡೆಗುಡ್ಡ, ಅದರ ಬುಡದಲ್ಲಿ ಒಂದು ಕೊಳ. ಕೊಳದ ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಮೊಲಗಳು ಬಿಲ ತೋಡಿಕೊಂಡು ವಾಸವಾಗಿದ್ದವು. ಅವುಗಳ ಕೇರಿಯ ಹಿಂದೆ, ಕುರುಚಲು ಗಿಡಗಳ ನಡುವೆ, ಕೆಲವು ಚಿಪ್ಪುಹಂದಿಗಳಿದ್ದವು. ಮೈಯೆಲ್ಲ ಚಿಪ್ಪು, ಚೂಪು ಮೂತಿ, ಉದ್ದನೆಯ ಉಗುರು, ನೆಲಕ್ಕೆ ತಾಗುವ ಬಾಲ. ಅವುಗಳ ಅಜ್ಜ ಮುತ್ತಜ್ಜಂದಿರು ಹುಟ್ಟಿದ್ದೂ ಅಲ್ಲೇ. ಆದರೂ ಮೊಲಗಳು ಅವರನ್ನು "ಎಲ್ಲಿಂದಲೋ ಬಂದವರು" ಎಂದೇ ಕರೆಯುತ್ತಿದ್ದವು.

ಇಬ್ಬರೂ ನೀರು ಕುಡಿಯುತ್ತಿದ್ದದ್ದು ಆ ಕೊಳದಲ್ಲೇ. ಚಿಪ್ಪುಹಂದಿಗಳು ಹಗಲು ಮಲಗಿ ಮುಸ್ಸಂಜೆಗೆ ಏಳುತ್ತಿದ್ದವು. ಕೇರಿಯ ನಡುವಿನ ಕಾಲುದಾರಿಯಲ್ಲಿ ತಲೆ ತಗ್ಗಿಸಿಕೊಂಡು ಬಂದು, ನೀರು ಕುಡಿದು ಹೋಗುತ್ತಿದ್ದವು. ಮೊಲಗಳು ಅವರನ್ನು ಮಾತಾಡಿಸುತ್ತಿರಲಿಲ್ಲ.

ಒಂದು ವರ್ಷ ಮೊಲಗಳು ಕೂಡಿಟ್ಟಿದ್ದ ಗೆಣಸು ದಿನದಿಂದ ದಿನಕ್ಕೆ ಕಡಿಮೆಯಾಗತೊಡಗಿತು. ಕೇರಿಯ ಯಜಮಾನ ದುಂಡಪ್ಪ ಎಲ್ಲರನ್ನೂ ಸೇರಿಸಿದ. ದುಂಡಪ್ಪ ಕೆಟ್ಟವನೇನಲ್ಲ. ಆದರೆ ವಿಚಾರಿಸುವ ಮೊದಲೇ ತೀರ್ಮಾನಕ್ಕೆ ಬಂದುಬಿಡುವುದು ಅವನ ಸ್ವಭಾವ.

"ಇದು ನಮ್ಮ ಕೇರಿಯ ಹಿಂದಿರುವವರದೇ ಕೆಲಸ," ಎಂದ. "ಹಗಲೆಲ್ಲ ಮಲಗಿರುತ್ತಾರೆ. ಹೊತ್ತು ಮುಳುಗಿದ ಮೇಲೆ ಓಡಾಡುತ್ತಾರೆ. ಇನ್ನೇನು ಸಾಕ್ಷಿ ಬೇಕು?"

"ಅವರು ಗೆಣಸು ಒಯ್ಯುವುದನ್ನು ಯಾರಾದರೂ ನೋಡಿದ್ದೀರಾ?" ಎಂದು ನೀಲವ್ವ ಕೇಳಿದಳು. ಕೇರಿಯ ಕೊನೆಯ ಬಿಲ ಅವಳದು.

"ನೋಡಲೇಬೇಕಾ ನೀಲವ್ವ? ಆ ಉಗುರು ನೋಡಿದರೆ ಸಾಲದಾ?"

ಮೊಲಗಳೆಲ್ಲ ತಲೆಯಾಡಿಸಿದವು. ನೀಲವ್ವನೂ ಎದ್ದು ತನ್ನ ಬಿಲಕ್ಕೆ ಹೋದಳು. ಅವಳೂ ಆ ಕಡೆಯವರ ಜೊತೆ ಒಂದು ದಿನವೂ ಮಾತಾಡಿರಲಿಲ್ಲ.

ಮರುದಿನದಿಂದಲೇ ಕಲ್ಲು ಹೊರುವ ಕೆಲಸ ಶುರುವಾಯಿತು. ಗುಡ್ಡದ ಬುಡದಿಂದ ದಟ್ಟ ಮುಳ್ಳುಪೊದೆಯವರೆಗೆ, ಕಲ್ಲಿನ ಮೇಲೆ ಕಲ್ಲಿಟ್ಟು, ಮೇಲೆ ಮಣ್ಣು ಮೆತ್ತಿ, ಮೊಲಗಳು ಗೋಡೆ ಎಬ್ಬಿಸಿದವು. ಕಾಲುದಾರಿ ಗೋಡೆಯ ಕೆಳಗೆ ಹೋಯಿತು.

"ಇದು ಯಾರ ಮೇಲಿನ ಹಗೆಗೂ ಅಲ್ಲ, ನಮ್ಮ ನೆಮ್ಮದಿಗೆ," ಎಂದು ದುಂಡಪ್ಪ ಎಲ್ಲರಿಗೂ ಹೇಳಿದ.

ಗೋಡೆಯ ಆಚೆ ಮಾಳವ್ವ ಎಂಬ ಚಿಪ್ಪುಹಂದಿ ಇದ್ದಳು. ಅವಳಿಗೊಂದು ಎಳೆಯ ಮಗು. ಚಿಪ್ಪುಹಂದಿಗಳು ಮಗುವನ್ನು ಬಾಲದ ಮೇಲೆ ಕೂರಿಸಿಕೊಂಡು ಹೋಗುತ್ತವೆ. ಮೊದಲೆಲ್ಲ ಅವಳು ಹಾಗೆ ಕೊಳಕ್ಕೆ ಹೋಗಿ ಸ್ವಲ್ಪ ಹೊತ್ತಿಗೇ ಹಿಂತಿರುಗುತ್ತಿದ್ದಳು. ಈಗ ಇಡೀ ಗುಡ್ಡ ಸುತ್ತಬೇಕು. ದಾರಿಯಲ್ಲಿ ನರಿಯ ಗುಹೆ ಬೇರೆ.

ಇತ್ತ ಗೆಣಸು ಮಾತ್ರ ಹೋಗುತ್ತಲೇ ಇತ್ತು.

"ಗೋಡೆ ಗಿಡ್ಡವಾಯಿತು," ಎಂದ ದುಂಡಪ್ಪ. ಎತ್ತರಿಸಿದರು. ಗೆಣಸು ಇನ್ನೂ ಹೆಚ್ಚು ಹೋಯಿತು. ಮತ್ತೆ ಎತ್ತರಿಸಿದರು.

ಒಂದು ಸಂಜೆ ಗುಡ್ಡದ ದಾರಿಯಲ್ಲಿ ನರಿ ಮಾಳವ್ವನ ಮೇಲೆ ಬಿತ್ತು. ಅವಳು ಮಗುವನ್ನು ಒಳಗೆ ಸೇರಿಸಿಕೊಂಡು ಚೆಂಡಿನಂತೆ ಸುರುಳಿಯಾದಳು. ಆದರೆ ಮಗುವಿನ ಒಂದು ಕಾಲು ಹೊರಗೇ ಉಳಿಯಿತು. ನರಿ ಆ ಕಾಲನ್ನು ಕಚ್ಚಿತು. ತಾಯಿಯ ಚಿಪ್ಪಿಗೆ ಹಲ್ಲು ತಾಗಿ ನೋವಾದ ಮೇಲಷ್ಟೇ ಬಿಟ್ಟು ಹೋಯಿತು.

ಬೆಳಗಾಗುತ್ತಲೇ ಮಾಳವ್ವ ಗೋಡೆಯ ಬಳಿ ಬಂದು ಕೂಗಿದಳು. "ಯಜಮಾನರೇ!"

ದುಂಡಪ್ಪ ಗೋಡೆ ಹತ್ತಿ ನಿಂತ. ಅವನ ಹಿಂದೆಯೇ ಉಳಿದ ಮೊಲಗಳೂ ಹತ್ತಿದವು.

"ಮಗುವಿನ ಕಾಲನ್ನು ನರಿ ಕಚ್ಚಿದೆ. ಗಾಯ ತೊಳೆಯಲು ನೀರು ಬೇಕು. ಇವಳನ್ನು ಹೊತ್ತು ಗುಡ್ಡ ಸುತ್ತಲಾರೆ. ಕಲ್ಲು ಸರಿಸಿ ದಾರಿ ಕೊಡಿ."

"ದಾರಿ ಕೊಟ್ಟರೆ ಉಳಿದ ಗೆಣಸೂ ಹೋಗುತ್ತದೆ."

"ಯಾವ ಗೆಣಸು?"

"ನೀವು ಕದಿಯುತ್ತಿರುವ ಗೆಣಸು!"

ಮಾಳವ್ವ ಬೆರಗಾದಳು. "ಈ ಗೋಡೆ ಕಟ್ಟಿದ್ದು ಗೆಣಸಿಗಾ?" ಎಂದು ಕೇಳಿದಳು. ಕಾರಣ ಏನೆಂದು ಚಿಪ್ಪುಹಂದಿಗಳಿಗೆ ಇಷ್ಟು ದಿನ ಯಾರೂ ಹೇಳಿರಲೇ ಇಲ್ಲ.

ಅವಳು ತಲೆ ಎತ್ತಿ ಬಾಯಿ ತೆರೆದು ತೋರಿಸಿದಳು. "ಸರಿಯಾಗಿ ನೋಡಿ. ಒಂದಾದರೂ ಹಲ್ಲು ಕಾಣಿಸುತ್ತದೆಯೇ? ನಮ್ಮ ಕುಲದಲ್ಲೇ ಯಾರಿಗೂ ಹಲ್ಲಿಲ್ಲ. ಇರುವೆ, ಗೆದ್ದಲು ನೆಕ್ಕಿ ನುಂಗುವವರು ನಾವು. ಗೆಣಸನ್ನು ಯಾವುದರಿಂದ ಕಡಿಯಲಿ?"

ಮೊಲಗಳು ಬಗ್ಗಿ ನೋಡಿದವು. ಹಲ್ಲಿರಲಿಲ್ಲ.

ದುಂಡಪ್ಪನೂ ನೋಡಿದ. ಆದರೂ, "ತಿನ್ನದಿದ್ದರೇನು? ಒಯ್ದು ಬಚ್ಚಿಟ್ಟಿರಬಹುದು," ಎಂದ.

ನೀಲವ್ವನಿಗೆ ತಡೆಯಲಾಗಲಿಲ್ಲ. "ಯಜಮಾನರೇ, ಅವರು ಇರುವುದು ಆ ಕಡೆ. ಗೋಡೆ ಎದ್ದ ಮೇಲೆ ಈ ಕಡೆ ಗೆಣಸು ಇನ್ನೂ ಹೆಚ್ಚು ಹೋಗುತ್ತಿದೆ. ಮಗು ನರಳುತ್ತಿದೆ, ನಾನು ಕಲ್ಲು ತೆಗೆಯುತ್ತೇನೆ. ಬೇಡ ಅನ್ನುವವರು ಬಂದು ನನ್ನನ್ನು ಹಿಡಿದುಕೊಳ್ಳಿ," ಎಂದು ಕೆಳಗಿಳಿದಳು.

ಯಾರೂ ಹಿಡಿಯಲಿಲ್ಲ. ನೀಲವ್ವ ಮುಂಗಾಲುಗಳಿಂದ ಮಣ್ಣು ಕೆರೆದು ಒಂದು ಕಲ್ಲನ್ನು ಎಳೆದಳು. ಒಳಗಿನಿಂದ ಒಂದು ಕೊಬ್ಬಿದ ಹೆಗ್ಗಣ ಚಂಗನೆ ಹೊರಗೆ ಹಾರಿತು! ಇನ್ನೊಂದು ಕಲ್ಲು ತೆಗೆದಳು. ಹೆಗ್ಗಣಗಳ ಹಿಂಡೇ ದಿಕ್ಕಾಪಾಲಾಗಿ ಓಡಿತು. ಗೋಡೆಯ ಒಳಗೆಲ್ಲ ಪೊಳ್ಳು. ಆ ಪೊಳ್ಳಿನ ತುಂಬ ಕಚ್ಚಿ ತಿಂದ ಗೆಣಸಿನ ಚೂರುಗಳು.

ಆದದ್ದು ಇಷ್ಟೇ. ಮೊದಲು ದಂಡೆಯ ಬಿಲಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಗ್ಗಣ ಇತ್ತು. ಗೋಡೆ ಎದ್ದ ಮೇಲೆ ಅವಕ್ಕೆ ಕಲ್ಲುಸಂದಿಯಲ್ಲಿ ಬೆಚ್ಚಗಿನ ಮನೆಯಾಯಿತು. ಗೆಣಸಿನ ರಾಶಿ ಪಕ್ಕದಲ್ಲೇ. ಗೋಡೆ ಎತ್ತರವಾದಂತೆಲ್ಲ ಅವುಗಳ ಸಂಸಾರವೂ ಬೆಳೆಯಿತು.

ಉಳಿದ ಮೊಲಗಳೂ ಬಂದು ಕಲ್ಲಿಗೆ ಕೈಹಾಕಿದವು. ದಾರಿಯಾಯಿತು. ಮಾಳವ್ವ ಯಾರ ಮುಖವನ್ನೂ ನೋಡದೆ ಮಗುವನ್ನು ಕೊಳಕ್ಕೆ ಕರೆದೊಯ್ದು ಗಾಯ ತೊಳೆದಳು.

ಹಿಂತಿರುಗುವಾಗ ದುಂಡಪ್ಪ ಎದುರಾದ. "ತಪ್ಪಾಯಿತು ಮಾಳವ್ವ. ಗೋಡೆಗೊಂದು ಬಾಗಿಲಿಡುತ್ತೇವೆ. ಸಂಜೆ ತೆಗೆದು ಬೆಳಿಗ್ಗೆ ಮುಚ್ಚುತ್ತೇವೆ."

"ತೆಗೆಯುವವರೂ ನೀವೇ, ಮುಚ್ಚುವವರೂ ನೀವೇ," ಎಂದಳು ಮಾಳವ್ವ. "ಇಲ್ಲಿ ಮೊದಲು ದಾರಿ ಇತ್ತು. ಅದನ್ನು ಕೊಡಿ."

 ಮರುದಿನ ಉಳಿದ ಗೋಡೆಯ ಮೊದಲ ಕಲ್ಲನ್ನು ಕೆಳಗಿಳಿಸಿದವನು ದುಂಡಪ್ಪನೇ.

ಗೋಡೆ ಪೂರ್ತಿ ಹೋಯಿತು. ಮಗುವಿನ ಗಾಯ ಮಾಯಿತು, ಕಾಲು ಮಾತ್ರ ಸೊಟ್ಟಗಾಯಿತು. ಇಷ್ಟಾದರೂ ಚಿಪ್ಪುಹಂದಿಗಳು ಗುಡ್ಡ ಸುತ್ತಿಯೇ ನೀರಿಗೆ ಹೋಗುತ್ತಿದ್ದವು. ನಾಳೆ ಮತ್ತೆ ಕಲ್ಲು ಏಳುವುದಿಲ್ಲ ಎಂದು ಅವರು ಹೇಗೆ ನಂಬಬೇಕು?

ಒಂದು ಸಂಜೆ ನೀಲವ್ವ ಒಬ್ಬಳೇ ಆ ಕಡೆಗೆ ಹೋಗಿ ಮಾಳವ್ವನ ಬಿಲದ ಮುಂದೆ ಕುಳಿತಳು. ಮಾಳವ್ವ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ.

"ಮಗುವಿನ ಹೆಸರೇನು?" ನೀಲವ್ವ ಕೇಳಿದಳು.

ಮೊಲಗಳ ಕೇರಿಯವರು ಅದನ್ನು ಕೇಳಿದ್ದು ಅದೇ ಮೊದಲು. 

"ಹೊನ್ನಿ," ಎಂದಳು ಮಾಳವ್ವ.

"ಹೊನ್ನೀ, ನೀರಿಗೆ ಹೋಗೋಣವಾ?"

ಮಗು ತಾಯಿಯ ಮುಖ ನೋಡಿತು. ಮಾಳವ್ವ ಎದ್ದು ಅದನ್ನು ಬಾಲದ ಮೇಲೆ ಕೂರಿಸಿಕೊಂಡಳು. ಮೂವರೂ ಕೇರಿಯ ನಡುವಿನ ಕಾಲುದಾರಿಯಲ್ಲೇ ಕೊಳಕ್ಕೆ ಇಳಿದರು.

ನೀತಿ: ನೆರೆಯವರನ್ನು ಒಂದು ಮಾತೂ ಕೇಳದೆ ಅವರ ಮೇಲೆ ತಪ್ಪು ಹೊರಿಸಿ ಗೋಡೆ ಕಟ್ಟಬಾರದು, ಅದರಿಂದ ತಪ್ಪಿಲ್ಲದವರಿಗೆ ನೋವಾಗುತ್ತದೆ, ತಪ್ಪು ಮಾಡಿದವರಿಗೆ ಅಡಗಲು ಜಾಗ ಸಿಗುತ್ತದೆ.