ಧ್ಯಾನಕ್ಕೆ ಕೂತ ಮೊಲ

ನೀವು ನಂಬಲಿಕ್ಕಿಲ್ಲ, ಆದರೂ ಕೇಳಿ. ಹೊಳೆದಂಡೆಯ ಒಂದು ಆಶ್ರಮದಲ್ಲಿ ಮೊಲವೊಂದು ಧ್ಯಾನಕ್ಕೆ ಕೂತಿತ್ತು. ಜನ ಅದಕ್ಕೆ ಕೈಮುಗಿಯುತ್ತಿದ್ದರು!

ಆಶ್ರಮದ ಗುರುಗಳು ಮುಪ್ಪಿನಯ್ಯನವರು. ಭಕ್ತರೊಬ್ಬರು ಅವರಿಗೆ ಒಂದು ಬಿಳಿ ಮೊಲವನ್ನು ತಂದುಕೊಟ್ಟರು. ಹೊರಗೆ ಬಿಟ್ಟರೆ ನಾಯಿಗಳ ಪಾಲು.

ಪಕ್ಕದೂರಿಗೆ ಹೊರಟಿದ್ದ ಗುರುಗಳು ಶಿಷ್ಯ ತಿಪ್ಪೇಶನನ್ನು ಕರೆದರು. "ಒಳಗೇ ಇದಕ್ಕೊಂದು ಗೂಡು ಮಾಡಪ್ಪಾ" ಎಂದು ಹೇಳಿ ಹೋದರು.

ತಿಪ್ಪೇಶ ಕೈಕೆಲಸದಲ್ಲಿ ಗಟ್ಟಿಗ. ಹಳೇ ಕಿಟಕಿಗಳ ಚೌಕಟ್ಟು ಕಳಚಿ ಜೋಡಿಸಿದ. ಸುತ್ತಲೂ ತಂತಿಯ ಜಾಲರಿ ಬಿಗಿದ. ಮೊಲ ತಿರುಗಾಡಲು ಧಾರಾಳ ಜಾಗ, ಪಾದಕ್ಕೆ ಮೆತ್ತಗಿರಲೆಂದು ಹುಲ್ಲಿನ ಹಾಸು, ಮಗುಚಿಕೊಳ್ಳದ ಮಣ್ಣಿನ ಬಟ್ಟಲು, ಕಸ ಗುಡಿಸಲು ಒಂದು ಪುಟ್ಟ ಬಾಗಿಲು. ಕುಂದು ಹುಡುಕಿ ನೋಡೋಣ!

ಗೂಡನ್ನು ಪ್ರಾರ್ಥನೆಯ ಹಜಾರದ ನಟ್ಟನಡುವೆ ಇಟ್ಟ. ಎಲ್ಲಿ ಕೂತವರಿಗೂ ಮೊಲ ಕಾಣಬೇಕಲ್ಲ!

ಮೊಲ ಒಳಗೆ ಹೋಯಿತು. ಕೂತಿತು. ಆಮೇಲೆ ಅಲ್ಲಾಡಲೇ ಇಲ್ಲ.

ಕಣ್ಣು ತೆರೆದೇ ಇತ್ತು. ಹುಲ್ಲು ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ.

"ಉಪವಾಸ ಹಿಡಿದಿದೆ" ಎಂದ ತಿಪ್ಪೇಶ, ದನಿ ತಗ್ಗಿಸಿ. "ಎಲ್ಲ ಈ ಸ್ಥಳದ ಮಹಿಮೆ."

ಆಶ್ರಮಕ್ಕೆ ಹಾಲು ತರುವ ಬೋರಮ್ಮ ಗಲ್ಲ ಬಡಿದುಕೊಂಡಳು. "ಅಯ್ಯೋ ನಮ್ಮಪ್ಪಾ! ನಮ್ಮ ಯಜಮಾನ್ರು ಧ್ಯಾನಕ್ಕೆ ಕೂತರೆ ಗಳಿಗೆಯೊಳಗೆ ಗೊರಕೆ. ಇದನ್ನ ನೋಡು, ರೆಪ್ಪೇನೂ ಬಡಿಯೋದಿಲ್ಲ!"

ಸುದ್ದಿ ಹಬ್ಬಿತು. ಹೂವು ಬಂತು, ಊದುಬತ್ತಿ ಬಂತು.

ಮಾರನೆಯ ದಿನ ಗುರುಗಳು ಮರಳಿದಾಗ ಹಜಾರ ತುಂಬಿಹೋಗಿತ್ತು. ತಿಪ್ಪೇಶ ಓಡಿ ಬಂದ.

"ಗುರುಗಳೇ, ನಾನು ಮಾಡಿದ ಗೂಡಿನಲ್ಲಿ ಮೊಲಕ್ಕೆ ಧ್ಯಾನ ಸಿದ್ಧಿಸಿದೆ!"

ಗುರುಗಳು ಮೊಲವನ್ನು ನೋಡಿದರು. ಬಗ್ಗಿ ಪುಟ್ಟ ಬಾಗಿಲು ತೆರೆದರು.

"ಮೆಲ್ಲಗೆ ಕೈ ಹಾಕು. ಅದರ ಎದೆ ಮುಟ್ಟಿ ನೋಡು."

ತಿಪ್ಪೇಶ ನಗುತ್ತಲೇ ಕೈ ಇಟ್ಟ. ನಗು ಅಲ್ಲೇ ನಿಂತಿತು. ಆ ಪುಟ್ಟ ಎದೆ ಒಡೆದೇಹೋಗುವ ಹಾಗೆ ಹೊಡೆದುಕೊಳ್ಳುತ್ತಿತ್ತು. ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ.

"ಗುರುಗಳೇ, ಇದು... ಇದೇನಿದು?"

"ಹೆದರಿಕೆ. ಓಡಲು ದಾರಿಯಿಲ್ಲ, ಅವಿತುಕೊಳ್ಳಲು ಮರೆಯಿಲ್ಲ. ಕಲ್ಲಾಗಿದೆ. ಇನ್ನೂ ಹೀಗೇ ಹೊಟ್ಟೆ ಖಾಲಿ ಉಳಿದರೆ ಸಾಯುತ್ತದೆ."

ಹಜಾರದಲ್ಲಿ ಮುಗಿದ ಕೈಗಳು ಮುಗಿದಂತೆಯೇ ಇದ್ದವು.

"ಗರಗಸ ತಾ" ಎಂದರು ಗುರುಗಳು.

ಗದ್ದುಗೆಯ ಮೇಲೊಂದು ಮರದ ಪೆಟ್ಟಿಗೆ. ಅದರೊಳಗೆ ಅವರ ಗುರುಗಳ ಪಾದುಕೆ; ದಿನವೂ ಪೂಜೆ. ಮುಪ್ಪಿನಯ್ಯನವರು ಪಾದುಕೆಗಳನ್ನು ಕಣ್ಣಿಗೊತ್ತಿಕೊಂಡು ಗದ್ದುಗೆಯ ಮೇಲಿಟ್ಟರು. ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರ ಪಕ್ಕದ ಹಲಗೆಗೆ ಗರಗಸ ಹಚ್ಚಿಯೇಬಿಟ್ಟರು!

ಬೋರಮ್ಮ ಕಿರುಚಿದಳು. ತಿಪ್ಪೇಶ ಗುರುಗಳ ತೋಳನ್ನೇ ಹಿಡಿದುಕೊಂಡ.

"ಗುರುಗಳೇ! ಅದು ಪಾದುಕೆಯ ಪೆಟ್ಟಿಗೆ!"

"ಗೊತ್ತಪ್ಪಾ. ಮೊಲಕ್ಕೆ ಅಳತೆ ಸರಿಯಾಗಿದೆ."

"ಪಾದುಕೆ ಬಯಲಲ್ಲಿ ಇರಬೇಕೇ?"

"ಅವಕ್ಕೆ ನಾಯಿಯ ಭಯವಿಲ್ಲ. ಆ ಕಡೆ ಹಿಡಿ, ಅಲುಗಾಡುತ್ತಿದೆ."

ತಿಪ್ಪೇಶ ತೋಳು ಬಿಟ್ಟು ಪೆಟ್ಟಿಗೆ ಹಿಡಿದ. ಮೊಲ ನುಸುಳುವಷ್ಟು ಕಂಡಿ ಆಯಿತು. ಮೇಲಿನ ಜಾಲರಿ ಸರಿಸಿ ಪೆಟ್ಟಿಗೆಯನ್ನು ಗೂಡಿನೊಳಗೆ ಮಗುಚಿಟ್ಟು, ಅದರಡಿ ಒಂದು ಹಿಡಿ ಹುಲ್ಲು ತುರುಕಿ, ಗೂಡನ್ನು ಮೂಲೆಗೆ ತಳ್ಳಿದರು. ಜನರನ್ನೆಲ್ಲ ಹೊರಗೆ ಕಳಿಸಿದರು.

ಗುರುಶಿಷ್ಯರಿಬ್ಬರೂ ಹೊಸ್ತಿಲ ಬಳಿ ಕೂತರು. ಬಹಳ ಹೊತ್ತು ಏನೂ ಇಲ್ಲ.

ಆಮೇಲೆ ಮೊಲದ ಕಿವಿ ಅಲುಗಿತು. ಒಂದು ನೆಗೆತ. ಬಿಳಿ ಬಾಲ ಕಂಡಿಯೊಳಗೆ ಮಾಯ.

ಇನ್ನೂ ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರಕರ ಸದ್ದು.

ತಿಪ್ಪೇಶನ ಕಣ್ಣು ತುಂಬಿತು. "ಬದುಕಿತು, ಗುರುಗಳೇ!" ಎಂದ. ಗೂಡಿನ ಕಡೆ ಕತ್ತು ಚಾಚಿ ಚಾಚಿ ನೋಡಿದ. "ಆದರೆ ಇನ್ನು ಅದು ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ?"

ಗುರುಗಳು ಹೇಳಿದರು: "ಅದಕ್ಕೇ ತಿನ್ನುತ್ತಿದೆ."