ಸೌತೆಕಾಯಿಯ ತೊಟ್ಟಿನಲ್ಲಿ ಉಳಿದ ಕಹಿ

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಈ ಕಡೆ ಹರಿದು, ಮಧ್ಯಾಹ್ನ "ಅಯ್ಯೋ, ದಾರಿ ತಪ್ಪಿತು" ಅಂತ ವಾಪಸು ಬರುತ್ತಿತ್ತು. ಗಿಡ, ಬಳ್ಳಿ, ಕಾಯಿ, ಕಾಳು ಎಲ್ಲಕ್ಕೂ ಬಾಯಿತ್ತು. ಆ ಬಾಯಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ.

ಆಗ ಸಂಕವ್ವ ಅಂತ ಒಬ್ಬ ಅಜ್ಜಿ ಇದ್ದಳು. ಬಲು ಗಟ್ಟಿಗಿತ್ತಿ. ಆದರೆ ಅವಸರ ಅಂದರೆ ಅವಸರ! ಸೊಪ್ಪು ಬಿಡಿಸಲು ಕೂತರೆ ಕಡ್ಡಿ ಪಾತ್ರೆಗೆ ಹೋಗುತ್ತಿತ್ತು, ಎಲೆ ಕಸಕ್ಕೆ ಹೋಗುತ್ತಿತ್ತು.

ಅವಳ ಗಂಡ ಮಾಚಯ್ಯ ನಿಧಾನಸ್ಥ. ಅವನಿಗೆ ಊರಲ್ಲಿ ಒಂದು ದೊಡ್ಡ ಕೆಲಸ ಇತ್ತು. ನಗಬೇಡಿ, ನಿಜವಾಗಿಯೂ ದೊಡ್ಡ ಕೆಲಸವೇ. ಅವನು ನೊರೆ ಕಾಯುವವನು!

ಅದೇನಾಯಿತು ಅಂದರೆ, ಚಿಕ್ಕಂದಿನಲ್ಲಿ ಮಾಚಯ್ಯ ಹಸಿ ಸುವರ್ಣಗಡ್ಡೆ ಕಚ್ಚಿಬಿಟ್ಟಿದ್ದ. ಎಂಟು ದಿನ ಗಂಟಲು ತುರಿಸಿತು. ಮಾತಿಲ್ಲ, ಊಟವಿಲ್ಲ, ಬರೀ ಕೆರೆಯುವುದೇ ಕೆಲಸ. ಪಾಪ, ಗಂಟಲೊಳಗೆ ಕೈ ಹಾಕಿ ಕೆರೆಯಲು ಆಗುತ್ತದೆಯೇ? ಆಗ ಊರವರೆಲ್ಲ ಸೇರಿ ಒಂದು ಕಟ್ಟುಪಾಡು ಮಾಡಿದರು. ಒಲೆಯ ಮೇಲೆ ಕುದಿಯುವಾಗ ಗಡಿಗೆಯಲ್ಲಿ ಬಿಳಿ ನೊರೆ ಏಳುತ್ತದಲ್ಲ, ಆ ನೊರೆ ಬಂದರೆ ಬೆಂದಿತು ಅಂತ ಲೆಕ್ಕ. ನೊರೆ ಬಾರದ್ದನ್ನು ಯಾರೂ ಬಾಯಿಗೆ ಇಡಬಾರದು.

ಅಂದಿನಿಂದ ಮಾಚಯ್ಯ ಮನೆಮನೆಯ ಗಡಿಗೆ ಇಣುಕಿ ನೋಡಿ, ಕೋಲು ಎತ್ತಿ "ನೊರೆ ಬಂತೋ!" ಅಂತ ಕೂಗುತ್ತಿದ್ದ. ಅವನು ಕೂಗಿದ ಮೇಲೆಯೇ ಊರಿಗೆ ಊಟ.

ಹೀಗಿರುವಾಗ ಬಂತಪ್ಪ ಮೊಟ್ಟಮೊದಲ ಬೇಸಿಗೆ!

ಸೂರ್ಯನಿಗೂ ಅದು ಮೊದಲ ಸಲ. ಎಷ್ಟು ಸುಡಬೇಕು ಅನ್ನೋ ಅಂದಾಜೇ ಅವನಿಗಿಲ್ಲ. ಸುಟ್ಟ, ಸುಟ್ಟ, ಸುಡುತ್ತಲೇ ಹೋದ. ಕೊಡದ ನೀರು ಕಾದು ಹೋಯಿತು. ಗಂಜಿ ಆರಲಿ ಅಂತ ಮರದ ಕೆಳಗೆ ಇಟ್ಟರೆ ಅಲ್ಲಿಯೂ ಮತ್ತೆ ಕುದಿಯುತ್ತಿತ್ತು.

ಸಂಕವ್ವನ ಮೊಮ್ಮಗಳು ಕೆಂಚಿಗೆ ಆರು ವರ್ಷ. ಅವಳು ಊಟ ಬಿಟ್ಟಳು.

"ಒಂದು ತುತ್ತು ತಿನ್ನು, ನನ್ನ ಬಂಗಾರ" ಅಂತ ಸಂಕವ್ವ ಗಂಜಿ ಹಿಡಿದಳು.

"ಬಿಸಿ, ಬೇಡ" ಅಂದಳು ಕೆಂಚಿ.

ಮುದ್ದೆ ಹಿಡಿದಳು. "ಬಿಸಿ, ಬೇಡ."

ಸಾರು ಹಿಡಿದಳು. "ಬಿಸಿ, ಬೇಡ. ತಣ್ಣಗಿರೋದು ಕೊಡಜ್ಜಿ."

ತಣ್ಣಗಿರೋದು! ಲೋಕದಲ್ಲಿ ತಣ್ಣಗಿರೋ ಊಟ ಅಂತ ಒಂದಿದ್ದರೆ ತಾನೇ ಕೊಡುವುದು?

ಒಂದು ದಿನ ಆಯಿತು, ಎರಡು ದಿನ ಆಯಿತು. ಮೂರನೆಯ ದಿನ ಮಧ್ಯಾಹ್ನ ಕೆಂಚಿ "ಬೇಡ" ಅನ್ನುವುದನ್ನೂ ನಿಲ್ಲಿಸಿದಳು. ತುಟಿ ಒಡೆದಿತ್ತು. ಕಣ್ಣು ಗುಳಿಬಿದ್ದಿತ್ತು. ಸುಮ್ಮನೆ ಗೋಡೆ ಕಡೆ ತಿರುಗಿ ಮಲಗಿದಳು. ಸಂಕವ್ವನಿಗೆ ಕೈಕಾಲೇ ಆಡಲಿಲ್ಲ. ಹಟ ಮಾಡುವ ಮಗುವನ್ನಾದರೆ ಗದರಿಸಬಹುದು, ಸುಮ್ಮನಾದ ಮಗುವನ್ನು ಏನು ಮಾಡುವುದು? ಇವತ್ತು ಏನಾದರೂ ಹೊಟ್ಟೆಗೆ ಹೋಗದಿದ್ದರೆ ಮಗು ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಾಗಿ ಹೋಯಿತು. ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿಬಂದು ಅತ್ತಳು.

ಆಗ ಗಾಳಿ ಬಂತು.

"ಸಂಕವ್ವ, ಯಾಕೆ ಅಳ್ತೀಯ? ನಿನ್ನ ಹಿತ್ತಲಲ್ಲೇ ತಣ್ಣಗಿರೋದು ಇದೆಯಲ್ಲ! ಮೈಯೆಲ್ಲ ಉರಿದಾಗ ನಾನು ದಿನಾ ಇಲ್ಲಿಗೇ ಬಂದು ಕೈ ಇಟ್ಟು ಹೋಗ್ತೀನಿ."

"ಎಲ್ಲಿ? ಎಲ್ಲಿ? ಬೇಗ ಹೇಳು!"

ಗಾಳಿ ಉಫ್ ಅಂತ ಊದಿತು. ನೆಲದ ಮೇಲೆ ಹಬ್ಬಿದ್ದ ಬಳ್ಳಿಯ ಎಲೆಗಳು ಪಕ್ಕಕ್ಕೆ ಸರಿದವು. ಅಲ್ಲಿ ಹಸಿರು ಹಸಿರಾಗಿ, ಉದ್ದಕ್ಕೆ, ಮೈತುಂಬ ಎಳೇ ಮುಳ್ಳು ಇಟ್ಟುಕೊಂಡು ಸೌತೆಕಾಯಿ ಮಲಗಿತ್ತು. ಸಂಕವ್ವ ಮುಟ್ಟಿದಳು. ಅಬ್ಬಬ್ಬಾ, ಎಂಥಾ ತಂಪು! ಕೆನ್ನೆಗೆ ಒತ್ತಿಕೊಂಡಳು. ಆ ಸುಡುಬಿಸಿಲಲ್ಲೂ ತಣ್ಣಗೆ!

"ಬಂದೆಯಾ ಅವ್ವಾ?" ಅಂದಿತು ಸೌತೆಕಾಯಿ. "ಹೊಟ್ಟೆತುಂಬ ನೀರು ಹೊತ್ತು ಹೊತ್ತು ಸಾಕಾಗಿದೆ. ಯಾರಾದ್ರೂ ತಿನ್ನಬಾರದೇ ಅಂತ ಕಾಯ್ತಾ ಇದ್ದೀನಿ. ಆದರೆ ಮೊದಲೇ ಹೇಳಿಬಿಡ್ತೀನಿ, ನಾನು ಕಹಿ."

ಸಂಕವ್ವ ಕೇಳಿಸಿಕೊಂಡರೆ ತಾನೇ? ಆಗಲೇ ನಾಲಗೆ ತಾಗಿಸಿ ಆಗಿತ್ತು. ಥೂ ಥೂ ಥೂ! ಬೇವಿನ ಎಲೆಯೇ ವಾಸಿ! ಮುಖ ಕಿವುಚಿಕೊಂಡು ಮೂರು ಸಲ ಉಗಿದಳು.

"ಯಾರು ಮಾಡಿದ್ದು ಈ ಕೆಲಸ?"

"ನಾನೇ" ಅಂದಿತು ಬಳ್ಳಿ. ಬಳ್ಳಿಯೇ ಸೌತೆಕಾಯಿಯ ತಾಯಿ. "ನನ್ನ ಮಕ್ಕಳು ನೆಲದ ಮೇಲೆ ಮಲಗಿರೋವು. ಮರ ಹತ್ತೋಕೆ ಬರಲ್ಲ, ಓಡೋಕೆ ಬರಲ್ಲ. ನರಿ ಬರುತ್ತೆ, ಮೇಕೆ ಬರುತ್ತೆ. ಅದಕ್ಕೇ ಬೇರಿನಿಂದ ಕಹಿ ಎಳೆದು ಅವುಗಳ ಮೈತುಂಬ ತುಂಬಿಸಿದ್ದೀನಿ. ತಪ್ಪೇನು?"

ಸಂಕವ್ವ ನೆಲದ ಮೇಲೆ ಕುಸಿದು ಕೂತಳು.

"ತಪ್ಪಲ್ಲ ತಾಯಿ. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಆದರೆ ನನ್ನ ಮಗು ಒಳಗೆ ಮಲಗಿದೆ. ಮೂರು ದಿನದಿಂದ ಹೊಟ್ಟೆಗೆ ಏನೂ ಇಲ್ಲ. ನೀನು ಈ ಒಂದು ಕಾಯಿಯ ಕಹಿ ತೆಗೆದುಕೊಡು. ನಿನ್ನ ಸುತ್ತ ನಾನು ಮುಳ್ಳಿನ ಬೇಲಿ ಹಾಕ್ತೀನಿ. ನರಿ ಮೂತಿ ತೂರಿಸದ ಹಾಗೆ ಕಟ್ತೀನಿ. ಪ್ರತಿ ಬಳ್ಳಿಯಲ್ಲೂ ಒಂದು ಕಾಯನ್ನು ಮುಟ್ಟದೆ ಬೀಜಕ್ಕೆ ಬಿಡ್ತೀನಿ. ನಿನ್ನ ವಂಶ ಅಳಿಯದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ."

ಬಳ್ಳಿ ತನ್ನ ಎಲೆಗಳಿಂದ ಮಕ್ಕಳನ್ನು ಒಮ್ಮೆ ಸವರಿತು. ಆಮೇಲೆ, "ಆಗಲಿ" ಅಂದಿತು. "ಕೊಟ್ಟ ಕಹೀನ ತೊಟ್ಟಿನ ದಾರಿಯಿಂದಲೇ ವಾಪಸು ಎಳ್ಕೋತೀನಿ. ಆದರೆ ಸಂಕವ್ವ, ನಿನ್ನ ಅವಸರ ನನಗೆ ಗೊತ್ತು. ನಾನು ಹೇಳೋವರೆಗೂ ಕಾಯಿ ಕೀಳಬೇಡ!"

"ಕೀಳಲ್ಲ, ಕೀಳಲ್ಲ!"

ಬಳ್ಳಿ ಉಸಿರು ಬಿಗಿಹಿಡಿದು ಎಳೆಯಿತು. ಸೌತೆಕಾಯಿ ಕೂಗಿಕೊಂಡಿತು: "ತುದಿ ಸಿಹಿಯಾಯ್ತು!" ಬಳ್ಳಿ ಇನ್ನೂ ಎಳೆಯಿತು. "ಹೊಟ್ಟೆ ಸಿಹಿಯಾಯ್ತು!" ಸಂಕವ್ವ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಲ್ಲೇ ಕುಣಿಯುತ್ತಿದ್ದಳು. "ಎದೆ ಸಿಹಿಯಾಯ್ತು! ಕತ್ತು ಸಿಹಿಯಾಯ್ತು! ಅವ್ವಾ, ಇನ್ನು ಒಂದೇ ಬೆರಳು, ಒಂದೇ ಬೆರಳಿನಷ್ಟು..."

ಆಗ ಒಳಗಿನಿಂದ ಸಣ್ಣ ದನಿ ಬಂತು. "ಅಜ್ಜೀ..."

ಅಷ್ಟೇ! ಸಂಕವ್ವ ಕಾಯಿಯನ್ನು ಪಟಕ್ ಅಂತ ಕಿತ್ತುಕೊಂಡು ಓಡಿದಳು. ಹಿಂದಿನಿಂದ ಬಳ್ಳಿ "ಅಯ್ಯಯ್ಯೋ, ಇನ್ನೂ ಇತ್ತು, ಇನ್ನೂ ಇತ್ತು!" ಅಂತ ಕೂಗಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಒಲೆಯ ಹತ್ತಿರ ಮಾಚಯ್ಯ ಕೋಲು ಹಿಡಿದು ಕೂತಿದ್ದ. "ಏನೇ ಅದು? ಗಡಿಗೆಗೆ ಹಾಕು, ಕುದಿಸು."

"ಕುದಿಸಿದರೆ ಬಿಸಿಯಾಗಲ್ವೇ? ಇದನ್ನ ಹಾಗೇ ಕೊಡೋದು."

"ಹಾಗೇನಾ!" ಮಾಚಯ್ಯ ಗಂಟಲು ಹಿಡಿದುಕೊಂಡು ಹೌಹಾರಿ ಎದ್ದ. "ಸುವರ್ಣಗಡ್ಡೆ ಮರೆತುಹೋಯ್ತಾ? ನೊರೆ ಬಾರದ್ದನ್ನ ನನ್ನ ಮೊಮ್ಮಗಳ ಬಾಯಿಗೆ ಇಡೋಕೆ ನಾನು ಬಿಡಲ್ಲ. ಏನು ಬೇಕಾದ್ರೂ ಮಾಡ್ಕೋ!" ಅಂತ ಬಾಗಿಲಿಗೆ ಅಡ್ಡ ನಿಂತುಬಿಟ್ಟ. ಅವನೂ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅವನ ಕಣ್ಣೂ ಕೆಂಪಾಗಿತ್ತು.

ಸಂಕವ್ವ ಈಳಿಗೆಮಣೆ ಎಳೆದು ಕೂತು, ಚಕ್ ಅಂತ ತೊಟ್ಟಿನ ತುದಿಯನ್ನು ಕತ್ತರಿಸಿದಳು.

"ಅಯ್ಯೋ ನನ್ನ ತಲೆ!" ಅಂತ ಕಿರುಚಿತು ಸೌತೆಕಾಯಿ. "ತಲೆ ಹೋಯ್ತಲ್ಲಾ! ಅಂಟಿಸು! ಅಂಟಿಸು!"

ಸಂಕವ್ವ ಗಾಬರಿಬಿದ್ದಳು. ಕತ್ತರಿಸಿದ ತುಂಡನ್ನು ಹಾಗೇ ಎತ್ತಿ ಕಾಯಿಯ ಮೇಲೆ ಇಟ್ಟಳು. ಕೂರಲಿಲ್ಲ. ಒತ್ತಿದಳು. ಅಂಟಲಿಲ್ಲ. ಅಂಟಲಿ ಅಂತ ಗರಗರ ತಿರುಗಿಸಿ ತಿಕ್ಕಿದಳು. ತಿಕ್ಕಿದಳು, ತಿಕ್ಕಿದಳು, ಮತ್ತೂ ತಿಕ್ಕಿದಳು. ಸೌತೆಕಾಯಿಗೆ ಕಚಗುಳಿ ಆಗಿ ಅಳು ನಿಂತು ಕಿಸಿಕಿಸಿ ನಗು ಬಂತು. ತಲೆ ಅಂಟಲಿಲ್ಲ. ಆದರೆ ಎರಡರ ನಡುವಿನಿಂದ ಏನೋ ಬೆಳ್ಳಗೆ ಉಕ್ಕಿ ಬಂತು.

ಮಾಚಯ್ಯ ಬಗ್ಗಿ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಬಿಳಿ ಬಿಳಿ ನೊರೆ! ಗಡಿಗೆಯಲ್ಲಿ ಏಳುವಂಥದ್ದೇ!

ಅವನ ಕೋಲು ತಾನಾಗಿ ಮೇಲೆ ಹೋಯಿತು. "ನೊರೆ ಬಂತೋ!" ಅಂತ ಕೂಗಿದ, ಊರಿಗೆ ಊರೇ ಕೇಳುವ ಹಾಗೆ. "ಒಲೆಯಿಲ್ಲ, ಬೆಂಕಿಯಿಲ್ಲ, ಬೆಂದುಬಿಟ್ಟಿತಲ್ಲೇ ಸಂಕೀ! ಇದೆಂಥಾ ಸೋಜಿಗ!"

ಅದು ಬೆಂದಿರಲಿಲ್ಲ, ಏನೂ ಇಲ್ಲ. ತೊಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಆ ಒಂದು ಬೆರಳಿನ ಕಹಿ ನೊರೆಯಾಗಿ ಈಚೆ ಬಂದಿತ್ತು ಅಷ್ಟೇ. ಆದರೆ ಹೇಳುವವರು ಯಾರು? ಸಂಕವ್ವನಿಗೇ ಗೊತ್ತಿರಲಿಲ್ಲ.

ಸಂಕವ್ವ ಕಾಯಿ ಹೆಚ್ಚತೊಡಗಿದಳು. ಈಗ ನೋಡಿ ಗಲಾಟೆ! ಅಡುಗೆಮನೆಯಲ್ಲಿದ್ದವೆಲ್ಲ ಒಟ್ಟಿಗೆ ಬಾಯಿ ಬಿಟ್ಟವು.

"ನಾನೂ ಬರ್ತೀನಿ!" ಅಂದಿತು ಬೆಳಿಗ್ಗೆಯೇ ನೆನೆಸಿಟ್ಟಿದ್ದ ಹೆಸರುಬೇಳೆ. "ತೊಳೆದಾಗ ನನಗೂ ನೊರೆ ಬಂದಿತ್ತು, ಕೇಳಿ ಬೇಕಾದ್ರೆ!"

"ಬಂದಿತ್ತು, ನಾನೇ ನೋಡಿದ್ದೆ" ಅಂತ ಒಪ್ಪಿಕೊಂಡ ಮಾಚಯ್ಯ.

"ನನ್ನ ತುರಿ ನೋಡು, ನೊರೆಗಿಂತ ಬೆಳ್ಳಗಿಲ್ವಾ?" ಅಂದಿತು ತೆಂಗಿನಕಾಯಿ.

"ನನಗೆ ನೊರೆ ಯಾಕೆ? ನಾನೇ ಬೆಂಕಿ!" ಅಂದಿತು ಹಸಿಮೆಣಸಿನಕಾಯಿ. ಮಗುವಿಗೆ ಕೊಡುವುದು ಅಂತ ಸಂಕವ್ವ ಅದರದ್ದು ಚೂರೇ ಚೂರು ಹಾಕಿದಳು. ಕೊತ್ತಂಬರಿ ಸೊಪ್ಪು ಯಾರನ್ನೂ ಕೇಳಲಿಲ್ಲ, ನೇರ ಬಂದು ಮೇಲೆ ಉದುರಿತು. ನಿಂಬೆಹಣ್ಣು "ನನ್ನನ್ನ ಹಿಂಡು, ನನ್ನನ್ನ ಹಿಂಡು" ಅಂತ ಉರುಳಾಡಿತು. ಸಾಸಿವೆಗೆ ಮಾತ್ರ ಮಾಚಯ್ಯನ ಮೇಲೆ ಕನಿಕರ ಬಂತು. "ತಾತ, ನಿನ್ನ ಸಮಾಧಾನಕ್ಕೆ ನಾವು ಬೆಂಕಿ ಮುಟ್ಟಿ ಬರ್ತೀವಿ" ಅಂತ ಇಂಗನ್ನೂ ಜೊತೆಗೆ ಕರೆದುಕೊಂಡು ಒಗ್ಗರಣೆ ಸೌಟಿಗೆ ಹಾರಿ, ಚಟಪಟ ಸಿಡಿದು ಬಂದವು.

ಉಪ್ಪು ಎಲ್ಲರಿಗಿಂತ ಮೊದಲು ನುಗ್ಗಲು ನೋಡಿತು. "ತಡಿ, ತಡಿ!" ಅಂದಿತು ಸೌತೆಕಾಯಿ. "ನೀನು ಮುಟ್ಟಿದರೆ ನಾನು ನೀರೆಲ್ಲ ಬಿಟ್ಟುಬಿಡ್ತೀನಿ. ಮಗು ಕೈಗೆ ಕೊಡೋ ಹೊತ್ತಿಗೆ ಬಾ." ಉಪ್ಪು ಮುಖ ಊದಿಸಿಕೊಂಡು ಕೊನೆಗೆ ಬಂತು.

ಸಂಕವ್ವ ಎಲ್ಲವನ್ನೂ ಬೆರೆಸಿ, ಎಲೆದೊನ್ನೆಯಲ್ಲಿ ಹಾಕಿಕೊಂಡು ಕೆಂಚಿಯ ಪಕ್ಕ ಕೂತಳು. ಒಂದು ಚಿಟಿಕೆ ಮಗುವಿನ ಒಡೆದ ತುಟಿಗೆ ತಾಗಿಸಿದಳು.

ಕೆಂಚಿ ಬಾಯಿ ತೆರೆಯಲಿಲ್ಲ. ಬಾಗಿಲಲ್ಲಿ ಮಾಚಯ್ಯ, ಕಿಟಕಿಯಲ್ಲಿ ಗಾಳಿ, ಎಲ್ಲರೂ ಉಸಿರು ಹಿಡಿದು ನಿಂತರು. ಆಮೇಲೆ ಮಗುವಿನ ನಾಲಗೆ ಮೆಲ್ಲಗೆ ಹೊರಗೆ ಬಂತು. ತುಟಿಯ ಮೇಲಿದ್ದ ಒಂದು ಚೂರು ಸೌತೆಕಾಯಿಯನ್ನು ಒಳಗೆ ಎಳೆದುಕೊಂಡಿತು.

ಕರುಮ್.

"ತಣ್ಣಗಿದೆ ಅಜ್ಜಿ" ಅಂದಳು ಕೆಂಚಿ.

ಕರುಮ್ ಕುರುಮ್ ಅಂತ ಇನ್ನೊಂದು ತುತ್ತು, ಮತ್ತೊಂದು ತುತ್ತು. ದೊನ್ನೆ ಖಾಲಿ! "ಇನ್ನೂ ಬೇಕು" ಅಂತ ಎದ್ದು ಕೂತೇಬಿಟ್ಟಳು. ಮಾಚಯ್ಯ ಕೋಲು ಬಿಸಾಕಿ ಕುಣಿದ. ಸಂಕವ್ವ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಮಗುವಿನ ತಲೆ ಸವರಿ ನೆಟಿಗೆ ಮುರಿದಳು.

ಆ ಊಟವೇ ಕೋಸಂಬರಿ. ಆಮೇಲೆ ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋದರು. ಕೆಲವರಿಗೆ ಕ್ಯಾರೆಟ್ ತುರಿ ಬೇಕು, ಕೆಲವರಿಗೆ ದಾಳಿಂಬೆ. ಹಲ್ಲು ಗಟ್ಟಿ ಇದ್ದವರು ಕಡಲೆಬೇಳೆ ಹಾಕುತ್ತಾರೆ. ನನ್ನನ್ನು ಕೇಳಿದರೆ, ನಿಂಬೆಹಣ್ಣಿನ ಬದಲು ಹುಳಿ ಮಾವಿನಕಾಯಿ ತುರಿದು ಹಾಕಬೇಕು. ಅದರ ಮುಂದೆ ಬೇರೆ ಯಾವುದೂ ಇಲ್ಲ, ನಾನು ಜಗಳಕ್ಕೂ ಸಿದ್ಧ.

ಸಂಜೆ ಸಂಕವ್ವ ಬೇಲಿಗೆ ಮುಳ್ಳು ಹೊತ್ತು ಹಿತ್ತಲಿಗೆ ಹೋದಳು. ಕತ್ತರಿಸಿದ ಆ ತೊಟ್ಟಿನ ತುಂಡು ಅವಳ ಕೈಯಲ್ಲಿತ್ತು.

"ಮಗು ತಿಂದಿತು ತಾಯಿ. ಆದರೆ ನಾನು ಮಾತಿಗೆ ತಪ್ಪಿದೆ. ನೀನು ಹೇಳುವ ಮೊದಲೇ ಕಿತ್ತುಬಿಟ್ಟೆ. ಇಲ್ಲಿ ಇನ್ನೂ ಕಹಿ ಉಳಿದಿದೆ. ಬಾ, ಇದನ್ನೂ ಎಳ್ಕೋ."

ಬಳ್ಳಿ ತನ್ನ ಎಳೆಯ ಕುಡಿಯನ್ನು ಚಾಚಿ ಆ ತುಂಡನ್ನು ಮುಟ್ಟಿ ನೋಡಿತು.

"ಬೇಡ ಸಂಕವ್ವ, ಇರಲಿ ಬಿಡು. ನಾನು ನನ್ನ ಮಕ್ಕಳನ್ನ ಹಿಡ್ಕೊಂಡಿರೋದು ಇಲ್ಲೇ. ಇನ್ನು ಮೇಲೆ ಎಲ್ಲ ಮಕ್ಕಳಿಗೂ ಇಷ್ಟು ಮಾತ್ರ ಕೊಡ್ತೀನಿ. ಪೂರ್ತಿ ತೆಗೆದುಬಿಟ್ಟರೆ ನಾನು ತಾಯಿ ಹೇಗಾದೇನು? ತಿನ್ನೋ ಮೊದಲು ನೀವೇ ತಿಕ್ಕಿ ತೆಗೀರಿ."

ಅದಕ್ಕೇ ಮಕ್ಕಳೇ, ಇವತ್ತಿಗೂ ನಿಮ್ಮಮ್ಮ ಸೌತೆಕಾಯಿ ಹೆಚ್ಚುವ ಮೊದಲು ತೊಟ್ಟು ಕತ್ತರಿಸಿ, ಅದೇ ತುಂಡಿನಿಂದ ಗರಗರ ತಿಕ್ಕಿ ಬಿಳಿ ನೊರೆ ತೆಗೆಯುತ್ತಾಳೆ. ಆಮೇಲೆ ಒಂದು ಹೋಳನ್ನು ಮೊದಲು ತಾನು ಕಚ್ಚಿ, ಕಹಿ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ನಿಮ್ಮ ಕೈಗೆ ಕೊಡುತ್ತಾಳೆ.